ಎಡವೋ, ಬಲವೋ

ಉಪ್ಪಿನಬೆಟಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸುಜಾತಾ ಪ್ರತಿ ವರ್ಷ ಹತ್ತನೆಯ ತರಗತಿಯ ಹಲಗೆಯ ಮೇಲೆ ಒಂದು ಚಿತ್ರ ಬಿಡಿಸುತ್ತಾಳೆ. ನಡುವೆ ಗರ್ಭಕೋಶ, ಎರಡೂ ಬದಿಗೆ ಒಂದೊಂದು ಅಂಡನಾಳ, ತುದಿಗೆ ಒಂದೊಂದು ಅಂಡಾಶಯ. ಈ ಪಾಠ ಬಂದರೆ "ಮನ್ಯಾಗ ಓದಿಕೋರಿ" ಎಂದು ದಾಟಿಸಿಬಿಡುವ ಶಿಕ್ಷಕರಿದ್ದಾರೆ. ಸುಜಾತಾ ಬಣ್ಣದ ಸೀಮೆಸುಣ್ಣ ಹಿಡಿದು ಪ್ರತಿಯೊಂದು ಭಾಗಕ್ಕೂ ಹೆಸರು ಬರೆಸುತ್ತಾಳೆ. ಆ ಚಿತ್ರಕ್ಕೆ ಆಕೆಯ ಮಕ್ಕಳು ಅಂಕ ಕಳೆದುಕೊಂಡದ್ದು ಕಡಿಮೆ. ಇಂಥ ಸುಜಾತಾಗೆ ಮೂವತ್ಮೂರನೆಯ ವಯಸ್ಸಿನಲ್ಲಿ, ಸುಮಾರು ಒಂಬತ್ತು ತಿಂಗಳ ಕಾಲ, ತನ್ನ ಹೊಟ್ಟೆಯಲ್ಲಿ ಉಳಿದಿರುವ ನಾಳ ಎಡದ್ದೋ ಬಲದ್ದೋ ಗೊತ್ತಿರಲಿಲ್ಲ.

ಅದಕ್ಕೂ ಮೊದಲು, ಜುಲೈ ತಿಂಗಳಲ್ಲಿ, ಆಕೆ ಗರ್ಭಿಣಿಯಾಗಿದ್ದಳು. ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು ಎರಡು ಗೆರೆ ಕಂಡು ಹನ್ನೆರಡು ದಿನವಾಗಿತ್ತು. ಗಂಡ ಲೋಹಿತನಿಗೆ ಮತ್ತು ಅತ್ತೆ ಶೇವಂತೆವ್ವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಶಾಲೆ ಬಿಟ್ಟು ಮನೆಗೆ ಹೋಗಲು ಧಾರವಾಡದ ಬಸ್ಸಿನಲ್ಲಿ ಕೂತಾಗ ಕೆಳಹೊಟ್ಟೆಯಿಡೀ ಕತ್ತರಿಸಿದಂತಾಯಿತು. ಸ್ವಲ್ಪ ಹೊತ್ತಿಗೆ ಭುಜವೂ ನೋಯತೊಡಗಿತು. ಹೊಟ್ಟೆಗೂ ಭುಜಕ್ಕೂ ಏನು ಸಂಬಂಧ ಎಂದು ವಿಜ್ಞಾನ ಶಿಕ್ಷಕಿಯಾಗಿ ಯೋಚಿಸುತ್ತಲೇ ಆಕೆ ಪಕ್ಕದ ಹೆಂಗಸಿನ ಮೈಮೇಲೆ ಒರಗಿಬಿಟ್ಟಳು.

ಆ ಹೆಂಗಸು ಫೋನ್ ಮಾಡಿ ತಿಳಿಸಿದ್ದರಿಂದ ಲೋಹಿತ ಧಾರವಾಡದ ಬಸ್‌ಸ್ಟ್ಯಾಂಡಿಗೆ ಬಂದು, ಅಲ್ಲಿಂದಲೇ ನರ್ಸಿಂಗ್ ಹೋಮಿಗೆ ಕರೆದೊಯ್ದ. ಸ್ಕ್ಯಾನ್ ಆಯಿತು. "ಗರ್ಭ ಗರ್ಭಕೋಶದಾಗ ನಿಂತಿಲ್ರಿ, ನಾಳದಾಗ ಬೆಳದೈತಿ, ನಾಳ ಒಡದೈತಿ. ಒಳಗ ರಕ್ತ ತುಂಬೈತಿ, ಭುಜದ ನೋವೂ ಅದರದ್ದ. ಲಗೂ ಸಹಿ ಮಾಡ್ರಿ," ಎಂದರು ಡಾಕ್ಟರು. ಲೋಹಿತ ಕಂದಾಯ ಕಚೇರಿಯ ಗುಮಾಸ್ತ. ಓದದೆ ಸಹಿ ಮಾಡಬೇಡಿ ಎಂದು ದಿನಾ ಜನರಿಗೆ ಹೇಳುವವನು. ಅವತ್ತು ಓದದೆ ನಾಲ್ಕು ಕಡೆ ಸಹಿ ಮಾಡಿದ. ಮಾಡಿದ್ದರಿಂದಲೇ ಹೆಂಡತಿ ಬದುಕಿದಳು. ಡಾಕ್ಟರ ಕೈ ಛಲೋ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಬಾಯಿಯದ್ದೇ ತೊಂದರೆ.

ಮೂರನೆಯ ದಿನ ಅವರು ರೌಂಡ್ಸಿಗೆ ಬಂದಾಗ ಸುಜಾತಾ ಕೇಳಿದಳು: "ಸರ್, ಮುಂದ ಮಕ್ಕಳು..."

"ಯಾಕಾಗೂದಿಲ್ಲ? ಇನ್ನೂ ವಯಸ್ಸೈತಿ," ಎಂದರು. "ವಯಸ್ಸೈತಿ" ಎನ್ನುವಷ್ಟರಲ್ಲಿ ಅವರು ಬಾಗಿಲಾಚೆ ಇದ್ದರು.

ವಾರದ ನಂತರ ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರು ಇರಲಿಲ್ಲ. ನರ್ಸ್ ಬಿಚ್ಚಿ ಕಳಿಸಿದಳು. ತಿಂಗಳ ನಂತರ ಹೋದಾಗ ಡಾಕ್ಟರು ಇದ್ದರು. ಎರಡೂವರೆ ತಾಸು ಕಾಯಿಸಿ, ಕಾಗದದ ಕಡೆ ನೋಡದೆ, "ಎಲ್ಲಾ ನಾರ್ಮಲ್," ಎಂದರು. ಚಿಕಿತ್ಸೆ ಅಲ್ಲಿಗೆ ಮುಗಿಯಿತು.

ಆಮೇಲೆ ಸುಜಾತಾಗೆ ಸಲಹೆಗಳ ಕೊರತೆಯಾಗಲಿಲ್ಲ. ಹೇಳಬೇಕಾದವರೊಬ್ಬರನ್ನು ಬಿಟ್ಟು ಉಳಿದ ಎಲ್ಲರೂ ಹೇಳಿದರು. ಸ್ಟಾಫ್‌ರೂಮಿನಲ್ಲಿ ಒಬ್ಬರು ಬಸ್ ಪ್ರಯಾಣ ಬಿಡಲು ಹೇಳಿದರು, ಇನ್ನೊಬ್ಬರು ಪಪ್ಪಾಯಿ ಬಿಡಲು. ಹೆಡ್‌ಮಾಸ್ಟರ್ ಗುರುಶಿದ್ದಪ್ಪ, "ಟೆನ್ಶನ್ ತಗೋಬ್ಯಾಡ್ರಿ ಮೇಡಂ, ಅದರಿಂದನ ಮಕ್ಕಳಾಗೂದಿಲ್ಲ," ಎಂದು ಹೇಳಿ ಜನಗಣತಿಯ ಕೆಲಸಕ್ಕೆ ಆಕೆಯ ಹೆಸರು ಬರೆದುಕೊಂಡರು.

ತಿಂಗಳುಗಳು ಹೋದವು, ಗರ್ಭ ನಿಲ್ಲಲಿಲ್ಲ. ಮಾರ್ಚಿನಲ್ಲಿ ಒಂದು ಭಾನುವಾರ ಬೇರೆ ಡಾಕ್ಟರಿಗೆ ತೋರಿಸೋಣವೆಂದು ಹಳೆಯ ಕಾಗದ ಜೋಡಿಸುತ್ತಿದ್ದಾಗ ಸುಜಾತಾ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಸ್ಕ್ಯಾನ್ ರಿಪೋರ್ಟಿನಲ್ಲಿ ಗರ್ಭ ಇದ್ದದ್ದು ಬಲ ನಾಳದಲ್ಲಿ. ಡಿಸ್ಚಾರ್ಜ್ ಕಾಗದದಲ್ಲಿ ತೆಗೆದದ್ದು ಎಡ ನಾಳ.

ಆಕೆ ಎರಡೂ ಕಾಗದವನ್ನು ಅತ್ತೆಯ ಮುಂದೆ ಹಿಡಿದಳು. ಶೇವಂತೆವ್ವನಿಗೆ ಓದಲು ಬಾರದು, ಆದರೆ ಗಾಬರಿ ಅರ್ಥವಾಯಿತು.

"ಒಂದು ಹೋದರ ಏನಾತು ಸುಜಾತಾ? ಒಂದು ಕಣ್ಣಿದ್ದರ ಕಾಣಂಗಿಲ್ಲೇನು?"

"ಕಾಣತೈತಿ ಅತ್ತಿ. ಆದರ ಉಳದದ್ದು ಛಲೋ ಕಣ್ಣೋ, ಕೆಟ್ಟ ಕಣ್ಣೋ ಗೊತ್ತಾಗಬೇಕಲ್ಲ. ಛಲೋದ್ದನ್ನ ತಗದು ಒಡದದ್ದನ್ನ ಬಿಟ್ಟಿದ್ದರ?"

ನರ್ಸಿಂಗ್ ಹೋಮಿನ ರಿಸೆಪ್ಶನ್ನಿನ ಹುಡುಗಿ ಎರಡೂ ಕಾಗದ ನೋಡಿ ನಗುಮುಖದಿಂದಲೇ ಉತ್ತರ ಕೊಟ್ಟಳು.

"ಟೈಪಿಂಗ್ ಮಿಸ್ಟೇಕ್ ಆಗೈತ್ರಿ ಮೇಡಂ."

"ಯಾವುದರಾಗ?"

"ಎರಡರಾಗ ಒಂದರಾಗ್ರಿ."

ಡಾಕ್ಟರನ್ನು ಕಾಣಬೇಕೆಂದರೆ ಅವರು ಆಪರೇಶನ್ನಿನಲ್ಲಿದ್ದರು. ಮರುದಿನವೂ ಆಪರೇಶನ್ನಿನಲ್ಲೇ ಇದ್ದರು. ಮನೆಗೆ ಬಂದ ಸುಜಾತಾ ಚಪ್ಪಲಿ ಬಿಚ್ಚದೆ ಕುರ್ಚಿಯಲ್ಲಿ ಕೂತಳು. "ಹೊಟ್ಟಿ ನಂದು, ಕೊಯ್ದವರು ಅವರು, ನಾನು ಕೇಳಿದರ ನಗತಾರ," ಎಂದಳು.

ಲೋಹಿತ ಹಾಳೆ ತೆಗೆದ. "ಬಾಯಿಲೆ ಕೇಳಿದ್ರ ಯಾರೂ ಹೇಳಂಗಿಲ್ಲ. ನಾನರ ದಿನಾ ಎಷ್ಟು ಮಂದಿಗೆ ಹೇಳತೇನಿ? ಅರ್ಜಿ ಬರಿಬೇಕು."

ಹದಿಮೂರು ವರ್ಷ ಜನರ ಅರ್ಜಿಗಳನ್ನು ಸಣ್ಣ ತಪ್ಪಿಗೆ ಹಿಂದಿರುಗಿಸಿದ ಅನುಭವ ಅವನಿಗೆ ಅವತ್ತು ಉಪಯೋಗಕ್ಕೆ ಬಂತು. ಹಿಂದಿರುಗಿಸಲು ಬಾರದಂಥ ಅರ್ಜಿ ಹೇಗಿರಬೇಕೆಂದು ಅವನಿಗೆ ಗೊತ್ತಿತ್ತು. ವಿಷಯ, ಉಲ್ಲೇಖ, ರೋಗಿ ಕೇಳಿದರೆ ಎಪ್ಪತ್ತೆರಡು ತಾಸಿನೊಳಗೆ ದಾಖಲೆ ಕೊಡಬೇಕೆಂಬ ನಿಯಮ, ಕೆಳಗೆ ಲಗತ್ತುಗಳು. ರಿಸೆಪ್ಶನ್ನಿನಲ್ಲಿ ನಿಂತು ಎರಡನೆಯ ಪ್ರತಿಯ ಮೇಲೆ ಅರ್ಜಿ ತಲುಪಿದೆಯೆಂಬ ಶಿಕ್ಕಾ ಹೊಡೆಸಿಕೊಂಡೇ ಬಂದ. ಅಲ್ಲಿಯ ಹುಡುಗಿಯ ನಗುಮುಖ ಆಗ ಮೊದಲ ಸಲ ಹೋಯಿತು.

ಮೂರನೆಯ ದಿನ ಫೋನ್ ಬಂತು. ನರ್ಸಿಂಗ್ ಹೋಮಿನ ಹಳೆಯ ಕಡತಗಳನ್ನು ನೋಡಿಕೊಳ್ಳುವ ಗುಲ್ಜಾರಬಿ ಎಂಬ ವಯಸ್ಸಾದ ಹೆಂಗಸು ಕರೆದಿದ್ದಳು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ, ಗ್ಲೂಕೋಸ್ ಡಬ್ಬಿಗಳ ನಡುವೆ, ಸುಜಾತಾಗೆ ಸ್ಟೂಲು ಕೊಟ್ಟು ಕೂರಿಸಿ ಒಂದು ಝೆರಾಕ್ಸ್ ಪ್ರತಿ ಕೈಗಿಟ್ಟಳು. ಆಪರೇಶನ್ ಮುಗಿದ ಕೂಡಲೇ ಡಾಕ್ಟರು ಕೈಯಾರೆ ಬರೆದ ಟಿಪ್ಪಣಿ ಅದು. ಒಟ್ಟು ನಾಲ್ಕು ಸಾಲು. ಬಲ ನಾಳ ಒಡೆದಿದೆ, ತೆಗೆಯಲಾಯಿತು. ಎಡ ನಾಳ ನೋಡಲು ಆರೋಗ್ಯವಾಗಿದೆ.

ಡಾಕ್ಟರಿಗೆ ಗೊತ್ತಿತ್ತು. ಬರೆದಿಟ್ಟೂ ಇದ್ದರು. ಆಕೆ ಬಸ್ಸು ಬಿಟ್ಟು, ಪಪ್ಪಾಯಿ ಬಿಟ್ಟು, ನಿದ್ದೆ ಬಿಟ್ಟು ಹುಡುಕಿದ ಉತ್ತರ ಅಷ್ಟೂ ದಿನ ಈ ಕಪಾಟಿನಲ್ಲಿ ಸುರಕ್ಷಿತವಾಗಿತ್ತು.

"ಇದನ್ನ ಕೇಳಿಕೊಂಡು ಬಂದವರು ನೀವ ಮೊದಲನೇದವರು ನೋಡ್ರಿ ಅಕ್ಕೋರ," ಎಂದಳು ಗುಲ್ಜಾರಬಿ. ಆಮೇಲೆ ದನಿ ತಗ್ಗಿಸಿದಳು. "ಆಗ ನಾ ಆಪರೇಶನ್ ಥೇಟರಿನ್ಯಾಗ ಆಯಾ ಇದ್ನಿ, ಅವತ್ತು ನನ್ನ ಡ್ಯೂಟಿ ಇತ್ತು. ಭಾಳ ರಕ್ತ ಹೋಗಿತ್ರಿ. ಕೂಸು ಹೋದದ್ದಕ್ಕ ಅತ್ತಿರೇನು?"

ಕೂಸು ಎಂಬ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಎಲ್ಲರೂ ಅದನ್ನು 'ಆಪರೇಶನ್' ಎಂದೇ ಕರೆದಿದ್ದರು, ಸುಜಾತಾ ಕೂಡ. ಆಕೆ ಅಲ್ಲೇ, ಯಾರ್ಯಾರದೋ ಕಡತಗಳ ನಡುವೆ, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಗುಲ್ಜಾರಬಿ ಬಾಗಿಲು ಎಳೆದುಕೊಂಡು, ಯಾರಾದರೂ ಬಂದರೆ ತಿರುಗಿ ಕಳಿಸಲು ಹೊರಗೆ ನಿಂತಳು.

ಹುಬ್ಬಳ್ಳಿಯ ಸ್ತ್ರೀರೋಗ ತಜ್ಞೆ ಡಾ. ಚಿನ್ಮಯೀ ಆ ನಾಲ್ಕು ಸಾಲನ್ನು ಎರಡು ಸಲ ಓದಿದರು. "ನೋಡಲಿಕ್ಕೆ ಛಲೋ ಇದ್ದರ ಸಾಲದು, ದಾರಿ ತೆರೆದೈತೋ ಇಲ್ಲೋ ನೋಡಬೇಕ್ರಿ," ಎಂದು ಗರ್ಭಕೋಶದೊಳಗೆ ಔಷಧಿ ಬಿಟ್ಟು ತೆಗೆಯುವ ಎಕ್ಸ್‌ರೇ ಬರೆದುಕೊಟ್ಟರು. ನೋವಾಗುತ್ತದೆ ಎಂದೂ ಮೊದಲೇ ಹೇಳಿದರು. ನಿಜವಾಗಿಯೂ ನೋವಾಯಿತು. ಪರದೆಯ ಮೇಲೆ ಬಲ ನಾಳ ಇದ್ದ ಕಡೆ ಔಷಧಿ ಮೊಂಡಾಗಿ ನಿಂತಿತು. ಎಡ ನಾಳದಲ್ಲಿ ದಾರದಷ್ಟು ಸಣ್ಣ ಗೆರೆಯಾಗಿ ಹರಿದು ತುದಿಯಲ್ಲಿ ಚೆಲ್ಲಿಕೊಂಡಿತು.

"ಎಡದ್ದು ತೆರೆದೈತ್ರಿ," ಎಂದರು ಡಾಕ್ಟರು. ಆಮೇಲೆ ಇಬ್ಬರನ್ನೂ ಕೂರಿಸಿ ಇಪ್ಪತ್ತು ನಿಮಿಷ ಮಾತಾಡಿದರು. ಗರ್ಭ ನಿಲ್ಲಬಹುದು, ಖಾತ್ರಿಯಿಲ್ಲ. ಮತ್ತೆ ನಾಳದಲ್ಲೇ ನಿಲ್ಲುವ ಅಪಾಯ ಹತ್ತರಲ್ಲಿ ಒಂದರಷ್ಟಿದೆ. ಮುಟ್ಟು ತಡವಾದರೆ ಕೂಡಲೇ ಬರಬೇಕು, ಆರನೆಯ ವಾರದಲ್ಲಿ ಸ್ಕ್ಯಾನ್ ಆಗಲೇಬೇಕು. ಆರು ತಿಂಗಳು ನೋಡಿ, ಆಗದಿದ್ದರೆ ಬೇರೆ ದಾರಿ ಮಾತಾಡೋಣ. ಸುಜಾತಾ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡಳು. ಹೊರಗೆ ಬಂದ ಮೇಲೆ ಲೋಹಿತ, "ಖರೇ ಅಂದ್ರ ಏನೂ ಖಾತ್ರಿ ಕೊಡಲಿಲ್ಲಲ್ಲ ಅವರು," ಎಂದ.

"ಇಲ್ಲ. ಆದರೂ ಹಗರ ಅನಸಾಕತ್ತೈತ್ರಿ," ಎಂದಳು.

ಲೋಹಿತನಿಗೆ ಒಂದು ಕೆಲಸ ಬಾಕಿ ಉಳಿದಿತ್ತು. ಡಿಸ್ಚಾರ್ಜ್ ಕಾಗದ ತಿದ್ದಿಕೊಡಬೇಕೆಂದು ನರ್ಸಿಂಗ್ ಹೋಮಿಗೆ ಇನ್ನೊಂದು ಅರ್ಜಿ ಹಾಕಿದ. ತಿದ್ದಿದ ಕಾಗದ ರಜಿಸ್ಟರ್ಡ್ ಅಂಚೆಯಲ್ಲಿ, ಡಾಕ್ಟರ ಸಹಿ ಶಿಕ್ಕಾ ಸಮೇತ ಬಂತು. ನಾಳ ಸರಿಯಾಗಿತ್ತು: ಬಲ. ರೋಗಿಯ ವಯಸ್ಸು ಐವತ್ಮೂರು ಆಗಿತ್ತು. ಲೋಹಿತ ಮೂರನೆಯ ಅರ್ಜಿಗೆ ಹಾಳೆ ತೆಗೆದಾಗ ಸುಜಾತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಿಡ್ರಿ, ಇನ್ನೊಮ್ಮೆ ತಿದ್ದಿದ್ರ ನನ್ನನ್ನ ಗಂಡಸ ಮಾಡತಾರ."

ಹುಬ್ಬಳ್ಳಿಗೆ ಹೋಗಿ ಬಂದು ಈಗ ನಾಲ್ಕು ತಿಂಗಳು. ಗರ್ಭ ಇನ್ನೂ ನಿಂತಿಲ್ಲ. ಡಾ. ಚಿನ್ಮಯೀ ಕೊಟ್ಟ ಗಡುವಿಗೆ ಎರಡು ತಿಂಗಳು ಉಳಿದಿವೆ. ಸುಜಾತಾ ಶಾಲೆಗೆ ಬಸ್ಸಿನಲ್ಲೇ ಹೋಗುತ್ತಾಳೆ, ಮನಸ್ಸು ಬಂದಾಗ ಪಪ್ಪಾಯಿಯನ್ನೂ ತಿನ್ನುತ್ತಾಳೆ. ಮೊನ್ನೆ ಶೇವಂತೆವ್ವ ನಳದ ಹತ್ತಿರ ಕೊಡ ತುಂಬುತ್ತಿದ್ದಾಗ ಪಕ್ಕದ ಮನೆಯಾಕೆ, "ಸೊಸಿದು ಏನಾರ ವಿಶೇಷ?" ಎಂದು ಕೇಳಿದಳಂತೆ. ನರ್ಸಿಂಗ್ ಹೋಮು ಒಂಬತ್ತು ತಿಂಗಳಲ್ಲಿ ಒಬ್ಬಳಿಗೆ ಹೇಳಲಾಗದ್ದನ್ನು ಶೇವಂತೆವ್ವ ಒಂದೇ ಉಸಿರಿನಲ್ಲಿ ಇಡೀ ಓಣಿಗೆ ಕೇಳುವಂತೆ ಹೇಳಿದಳು:

"ಬಲದ್ದು ತಗದಾರ, ಎಡದ್ದು ಓಪನ್ ಐತಿ! ಮತ್ತೇನರ ಕೇಳೂದೈತೇನು?"