ದೊಡ್ಡಪ್ಪ ಏಳದೆ ಕೂತ ದಿನ

ಓದೋ ಎಲ್ಲರಿಗೂ ನಮಸ್ಕಾರ. ನಾನು ಸ್ಕೂಲಿಗೆ ಸೇರಿದ್ದೇ ಹತ್ತು ವರ್ಷ ತುಂಬಿದ ಮೇಲೆ. ಹಂಗಾಗಿ ಬರವಣಿಗೆ ಅಂದ್ರೆ ಇವತ್ತಿಗೂ ಒಂಚೂರು ಭಯ. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಟೈಪ್ ಮಾಡ್ತಿದೀನಿ. ಒತ್ತೋ ದೀರ್ಘವೋ ಎಲ್ಲಾದ್ರೂ ತಪ್ಪಿದ್ರೆ ಮನೆಯೋನು ಅಂದ್ಕೊಂಡು ಹೊಟ್ಟೆಗೆ ಹಾಕ್ಕೊಳಿ.

ಮೊನ್ನೆ ಬಸವನಗುಡೀಲಿ ಒಂದು ಹೋಟ್ಲಲ್ಲಿ ದೋಸೆಗೆ ಕಾಯ್ತಾ ನಿಂತಿದ್ದೆ. ಅಡುಗೆಮನೆ ಕಿಟಕೀಲಿ ಒಂದು ಗುಂಡನೆ ಬೆಲ್ ಇಟ್ಟಿದ್ರು, ಹಳೇ ಕಾಲದಲ್ಲಿ ಸಾಹೇಬರ ಟೇಬಲ್ ಮೇಲೆ ಇರ್ತಿತ್ತಲ್ಲ, ಅಂಥದ್ದು. ದೋಸೆ ಆಯ್ತು ಅಂತ ಒಳಗಿದ್ದೋರು ಅದನ್ನ ಅಂಗೈಯಲ್ಲಿ ಒತ್ತಿದ್ರು. ಟಿಣ್ ಅಂತು. ಅಷ್ಟೇ, ಮೂಗಿಗೆ ಬರ್ತಿದ್ದ ತುಪ್ಪದ ವಾಸನೆ ಎಲ್ಲೋ ಹೋಯ್ತು. ಸೀಮೆಎಣ್ಣೆ ಸ್ಟೌವ್ ವಾಸನೆ, ಬೆಳಗಿನ ಜಾವದ ತಣ್ಣನೆ ನೆಲ, ನೀರಲ್ಲಿ ನೆನೆದು ಉಬ್ಬಿದ ಪುಸ್ತಕದ ವಾಸನೆ ಬಂತು. ನಂಬರ್ ಕೂಗಿದ್ದು ಕೇಳಿಸ್ಲೇ ಇಲ್ಲ. ಹಿಂದೆ ನಿಂತಿದ್ದ ಹುಡುಗಿ, ‘ಅಂಕಲ್, ನಿಮ್ಮದೇ ದೋಸೆ’ ಅಂತ ಭುಜ ಮುಟ್ಟಿ ಹೇಳಿದ್ಲು.

ಎಪ್ಪತ್ತರ ದಶಕದ ಕೊನೇಲಿ ನನ್ನನ್ನ ಮಾಲೂರಿಂದ ಚಾಮರಾಜಪೇಟೆಗೆ ಕರ್ಕೊಂಡು ಬಂದಿದ್ದು ನಮ್ಮಮ್ಮನ ಅಕ್ಕ, ನನ್ನ ದೊಡ್ಡಮ್ಮ. ಅಲ್ಲೀತನಕ ಇಟ್ಟಿಗೆ ಗೂಡಿನ ಸುತ್ತ ಆಡ್ಕೊಂಡೇ ಬೆಳೆದಿದ್ದೆ. ದೊಡ್ಡಮ್ಮನ ಮನೆ ಒಂದು ವಠಾರದಲ್ಲಿತ್ತು. ಐದು ಮನೆ, ಒಂದು ನಲ್ಲಿ. ನಮ್ಮದು ಕೊನೇ ಮನೆ, ಒಂದು ರೂಮು, ಒಂದು ಅಡುಗೆ ಮೂಲೆ. ಗೋಡೆ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ದೊಡ್ಡಪ್ಪನ ಖಾಕಿ ಯೂನಿಫಾರ್ಮು. ದೊಡ್ಡಪ್ಪ ಮುನಿಯಪ್ಪ ಒಂದು ಸರ್ಕಾರಿ ಆಫೀಸಲ್ಲಿ ಜವಾನ. ಸಾಹೇಬರ ರೂಮಿನ ಬಾಗ್ಲಲ್ಲಿ ಸ್ಟೂಲ್ ಹಾಕ್ಕೊಂಡು ಕೂರೋದು, ಒಳಗಿಂದ ಬೆಲ್ ಆದ್ರೆ ಏಳೋದು, ಇಪ್ಪತ್ತು ವರ್ಷದಿಂದ ಅದೇ ಕೆಲಸ. ಹನ್ನೆರಡು ವರ್ಷದ ನಾನು ಮೂರನೇ ಕ್ಲಾಸಲ್ಲಿ ಎಂಟು ವರ್ಷದ ಮಕ್ಕಳ ಜೊತೆ ಕೂರ್ತಿದ್ದೆ. ನಲವತ್ತು ದಾಟಿದ ದೊಡ್ಡಪ್ಪ ಎಸ್ಸೆಸ್ಸೆಲ್ಸಿನ ಪ್ರೈವೇಟಾಗಿ ಕಟ್ಟಿದ್ರು. ಪಾಸಾದ್ರೆ ಗುಮಾಸ್ತರ ಪ್ರಮೋಷನ್ ಲಿಸ್ಟಿಗೆ ಹೆಸರು ಸೇರೋದು. ಬೇರೆಲ್ಲ ಹಿಂದಿನ ವರ್ಷಗಳಲ್ಲಿ ಪಾಸಾಗಿ, ಗಣಿತ ಒಂದೇ ಉಳ್ಕೊಂಡಿತ್ತು.

ನಲ್ಲೀಲಿ ನೀರು ಬರೋಕೆ ಮುಂಚೆ, ಕೋಳಿ ಕೂಗೋ ಹೊತ್ತಿಗೆ ನಾವಿಬ್ಬರೂ ಚಾಪೆ ಮೇಲೆ ಎದುರುಬದುರು ಕೂರ್ತಿದ್ವಿ. ಮಗ್ಗಿ ಮರೆತ್ರೆ ದೊಡ್ಡಪ್ಪ ನನ್ನನ್ನೇ ಕೇಳೋರು. ‘ಲೋ ನಾಗ, ಹದಿಮೂರೇಳ್ಲಿ ಎಷ್ಟೋ?’ ನನಗೂ ಬರ್ತಿರ್ಲಿಲ್ಲ, ಇಬ್ಬರೂ ಬೆರಳು ಎಣಿಸ್ತಿದ್ವಿ. ಪಕ್ಕದ ಮನೆ ಗಂಗಣ್ಣ ಕಲಾಸಿಪಾಳ್ಯದ ತರಕಾರಿ ಮಂಡಿಗೆ ಹೊರಡೋ ಹೊತ್ತು ಅದು. ಕಿಟಕಿ ಹತ್ರ ನಿಂತು, ‘ಏನ್ ಮುನಿಯಪ್ಪನೋರೆ, ಮೀಸೆ ನರೆತ ಮೇಲೆ ಮಗ್ಗಿನಾ? ಯಾವ ಕ್ಲಾಸಿಗೆ ಬಂದ್ರಿ ಈಗ?’ ಅನ್ನೋರು. ದೊಡ್ಡಪ್ಪ ತಲೆ ಎತ್ತದೆ, ‘ನಾಗನ ಕ್ಲಾಸ್ ಕಣಣ್ಣ, ಅವನೇ ಮಾನಿಟರ್ರು’ ಅಂತಿದ್ರು. ನನಗೆ ಮಾತ್ರ ಸ್ಕೂಲಲ್ಲಿ ‘ಕೋಣ’ ಅಂತ ಕರೆದ್ರೆ ಅಳು ಬರೋದು, ಮಾಲೂರಿಗೆ ವಾಪಸ್ ಹೋಗ್ತೀನಿ ಅಂತಿದ್ದೆ. ಆಗ ಅವರು ಬಾಗ್ಲ ಕಡೆ ಕೈ ತೋರ್ಸಿ ಹೇಳಿದ್ದು ಇನ್ನೂ ಕಿವೀಲಿದೆ. ‘ನಾಚಿಕೇನ ಚಪ್ಪಲಿ ಜೊತೆ ಆಚೇನೇ ಬಿಟ್ಟು ಬಾರೋ. ಹೋಗ್ತಾ ಬೇಕಿದ್ರೆ ಹಾಕ್ಕೊಂಡು ಹೋಗು.’

ಆ ವರ್ಷದ ಗಣಿತ ಪರೀಕ್ಷೆ ದಿನ ಅವರ ಹತ್ರ ಇದ್ದ ಒಂದೇ ಒಳ್ಳೆ ಪ್ಯಾಂಟು ಒಗೆದು ಒಣಗಿರ್ಲಿಲ್ಲ, ಖಾಕೀಲೇ ಹೋದ್ರು. ಮಧ್ಯಾಹ್ನಕ್ಕೆ ಮುಂಚೇನೇ ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲ್ಕೊಂಡ್ರು. ನಾಲ್ಕನೇ ದಿನ ಮುದ್ದೆ ಮುರೀತಾ ತಾವಾಗೇ ಬಾಯಿ ಬಿಟ್ರು. ಪರೀಕ್ಷೆ ಹಾಲಲ್ಲಿ ಮೇಲ್ವಿಚಾರಣೆಗೆ ಕೂತಿದ್ದ ಮೇಷ್ಟ್ರು ಆ ಸ್ಕೂಲಿನ ಜವಾನನ್ನ ಕರೆಯೋಕೆ ಟೇಬಲ್ ಮೇಲಿನ ಬೆಲ್ ಒತ್ತಿದ್ರಂತೆ. ದೊಡ್ಡಪ್ಪ ಅರ್ಧ ಲೆಕ್ಕದಲ್ಲಿ ಪೆನ್ ಕೆಳಗಿಟ್ಟು ಎದ್ದು ಹೋಗಿ ಟೇಬಲ್ ಮುಂದೆ ನಿಂತಿದಾರೆ. ಮೇಷ್ಟ್ರು ಏನೋ ಬರೀತಾ, ತಲೆ ಎತ್ತದೆ, ಖಾಕಿ ಅಂಚು ಮಾತ್ರ ನೋಡಿ, ‘ನೀರು’ ಅಂದಿದಾರೆ. ದೊಡ್ಡಪ್ಪ ಜಗ್ ಎತ್ಕೊಂಡು ಆಚೆ ಹೋಗಿ, ತೊಳೆದು, ನೀರು ತುಂಬ್ಕೊಂಡು ಬಂದಿದಾರೆ. ಬಾಗ್ಲಲ್ಲಿ ತಪಾಸಣೆಗೆ ಬಂದಿದ್ದ ಅಧಿಕಾರಿ, ದೊಡ್ಡಪ್ಪ ಅಂಗೈ ಮೇಲೆ ಮಸೀಲಿ ಬರ್ಕೊಂಡಿದ್ದ ಹಾಲ್ ಟಿಕೆಟ್ ನಂಬರ್ ನೋಡಿ ನಿಲ್ಸಿದ್ರು. ಕೇಳ್ದೆ ಹಾಲಿಂದ ಆಚೆ ಹೋದೋರನ್ನ ಮತ್ತೆ ಒಳಗೆ ಬಿಡಲ್ಲ, ಅದು ರೂಲು. ಒಳಗಿದ್ದ ಮೇಷ್ಟ್ರು ಎದ್ದು ಬಂದು, ನನ್ನದೇ ತಪ್ಪು ಸಾರ್, ಅಂತ ಎಷ್ಟು ಹೇಳಿದ್ರೂ ಆಗ್ಲಿಲ್ಲ.

ದೊಡ್ಡಮ್ಮನಿಗೆ ಮೊದಲು ನಗು ಬಂತು. ಸೆರಗು ಬಾಯಿಗೆ ಒತ್ಕೊಂಡು ನಕ್ಕರು. ಆಮೇಲೆ ಆ ಸೆರಗು ಕಣ್ಣಿಗೆ ಹೋಯ್ತು. ‘ಜಗ್ ಯಾಕ್ರೀ ತೊಳೆದ್ರಿ, ಬರೀ ನೀರು ತುಂಬಿದ್ರೆ ಬೇಗನಾದ್ರೂ ಬರ್ತಿದ್ರಲ್ಲ’ ಅಂದ್ರು. ‘ತೊಳೀದೆ ಹೆಂಗೆ ಕೊಡೋದೇ’ ಅಂದ್ರು ದೊಡ್ಡಪ್ಪ. ತಟ್ಟೆ ಪಕ್ಕಕ್ಕೆ ಸರಿಸಿ ಮೆಲ್ಲಗೆ, ‘ಮುಂದಿನ ಸಲ ತಪ್ಪಿದ್ರೆ ಲಿಸ್ಟಿಗೆ ಹೆಸರೇ ಸೇರಿಸಲ್ವಂತೆ. ಆಮೇಲೆ ಸ್ಟೂಲೇ ಗತಿ’ ಅಂದ್ರು.

ಮಾರನೇ ಭಾನುವಾರ ದೊಡ್ಡಮ್ಮ ಕಲಾಸಿಪಾಳ್ಯದ ಗುಜರಿ ಅಂಗಡಿಯಿಂದ ಒಂದು ಟೇಬಲ್ ಬೆಲ್ ತಂದ್ರು. ಹಿತ್ತಾಳೆ, ಒಂದು ಕಡೆ ನೆಗ್ಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ನನ್ನ ಕೈಗೆ ಕೊಟ್ಟು, ‘ನೋಡು ನಾಗ, ಇವರು ಓದ್ತಾ ಕೂತಾಗ ನಿನಗೆ ಇಷ್ಟ ಬಂದಾಗ ಹೊಡಿ. ಹೇಳಿ ಹೊಡೀಬೇಡ’ ಅಂದ್ರು. ದೊಡ್ಡಪ್ಪನ ತೊಡೆ ಮೇಲೆ ಕಂಠದ ತನಕ ನೀರು ತುಂಬಿದ ಚೊಂಬು ಇಟ್ರು. ಎದ್ರೆ ನೀರು ಲುಂಗಿಗೂ ಪುಸ್ತಕಕ್ಕೂ. ಮೊದಲನೇ ವಾರ ದಿನಾ ಬೆಳಗ್ಗೆ ಚಾಪೆ ಒದ್ದೆ. ನಾನು ಟಿಣ್ ಅನ್ನಿಸೋದು, ಅವರು ಚಟ್ಟಂತ ಏಳೋದು, ಚೊಂಬು ಉರುಳೋದು, ದೊಡ್ಡಮ್ಮ ಬೈಯೋದು. ‘ಯಾವ ಸಾಹೇಬ್ರು ಕರೆದ್ರು ಈಗ? ನಾಗ ಸಾಹೇಬ್ರಾ? ಕೂತ್ಕೊಳಿ.’ ಗಂಗಣ್ಣ ಮಂಡಿಗೆ ಹೋಗೋದು ಬಿಟ್ಟು ಕಿಟಕೀಲಿ ನಿಂತು ನೋಡೋರು. ಊಟಕ್ಕೆ ಕೂತಾಗ ಹೊಡೆದ್ರೆ ಮುದ್ದೆ ಕೈಯಲ್ಲಿ ಹಿಡ್ಕೊಂಡೇ ಎದ್ದು ನಿಲ್ಲೋರು. ನನಗೆ ಅದೊಂದು ಆಟ ಆಗಿತ್ತು. ಒಂದಿನ ಮಾತ್ರ, ನಿದ್ದೆ ಮಾಡ್ತಿದ್ದಾಗ ಹೊಡೆದೆ. ಅವರು ಕಣ್ಣು ಬಿಡದೆ ಎದ್ದು ನಿಂತು, ‘ಸಾರ್’ ಅಂದ್ರು. ಆಮೇಲೆ ಯಾವತ್ತೂ ಮಲಗಿದ್ದಾಗ ಹೊಡೀಲಿಲ್ಲ.

ಇವತ್ತು ಜೀವನದಲ್ಲಿ ಮುಂದೆ ಬರೋದು ಹೆಂಗೆ ಅಂತ ದೊಡ್ಡ ದೊಡ್ಡ ಭಾಷಣ ಕೇಳ್ತೀವಿ. ನನಗೆ ಗೊತ್ತಿರೋ ಒಂದೇ ಪಾಠ ಆ ಚೊಂಬು. ಹೊಸದು ಕಲಿಯೋದಕ್ಕಿಂತ ಮೈಗೆ ಹತ್ತಿದ್ದನ್ನ ಬಿಡ್ಸೋದು ಕಷ್ಟ. ಅದು ಬೈದ್ರೆ ಹೋಗಲ್ಲ, ನಾಳೆಯಿಂದ ಸರಿಹೋಗ್ತೀನಿ ಅಂತ ಆಣೆ ಮಾಡಿದ್ರೂ ಹೋಗಲ್ಲ. ದಿನಾ ಒಂದಷ್ಟು ಹೊತ್ತು, ಲುಂಗಿ ಒದ್ದೆ ಮಾಡ್ಕೊಂಡು, ನಗಿಸ್ಕೊಂಡು, ಕೂರಬೇಕು. ಆಷಾಢ ಕಳೆಯೋ ಹೊತ್ತಿಗೆ ಚೊಂಬು ಬರೀ ಅಲ್ಲಾಡ್ತಿತ್ತು. ದಸರಾ ಹೊತ್ತಿಗೆ ಅದೂ ನಿಂತಿತ್ತು. ತಮಾಷೆ ಅಂದ್ರೆ, ಆಫೀಸಲ್ಲಿ ಮಾತ್ರ ಬೆಲ್ಲಿಗೆ ಏಳೋರು. ‘ಅಲ್ಲಿ ನನ್ನ ಕರೀತಾರೆ, ಏಳ್ತೀನಿ. ಎಲ್ಲಾ ಬೆಲ್ಲೂ ನನಗೇ ಅಲ್ಲ ಅಂತ ಈಗ ಗೊತ್ತಾಯ್ತು’ ಅಂದಿದ್ರು.

ಮುಂದಿನ ಪರೀಕ್ಷೆಗೆ ಗಂಗಣ್ಣ ತಮ್ಮ ಮದುವೆ ಪ್ಯಾಂಟು ಇಸ್ತ್ರಿ ಮಾಡ್ಸಿ ತಂದ್ಕೊಟ್ರು. ‘ಸೊಂಟ ಸಡ್ಲ ಆಗ್ಬೋದು, ಏಳದೆ ಕೂತ್ರೆ ಏನೂ ಆಗಲ್ಲ’ ಅಂದ್ರು. ಸಾಯಂಕಾಲ ದೊಡ್ಡಪ್ಪ ಬಂದಾಗ ವಠಾರದ ಬಾಗ್ಲಲ್ಲಿ ನಾವೆಲ್ಲ ನಿಂತಿದ್ವಿ. ದೊಡ್ಡಮ್ಮ ಲೆಕ್ಕದ ಬಗ್ಗೆ ಕೇಳ್ಲೇ ಇಲ್ಲ. ‘ಬೆಲ್ ಹೊಡೆದ್ರಾ?’ ಅಂದ್ರು. ‘ಎರಡು ಸಲ’ ಅಂದ್ರು ದೊಡ್ಡಪ್ಪ. ಆಮೇಲೆ ಜಗಲಿ ಮೇಲೆ ಕೂತು ನಿಧಾನಕ್ಕೆ ಹೇಳಿದ್ರು, ‘ಕಾಲು ಎದ್ದಿತ್ತು ಕಣೇ. ನಾನು ಏಳ್ಲಿಲ್ಲ.’ ರಿಸಲ್ಟ್ ಬಂದಾಗ ನೋಡಿದ್ರೆ ಮೂವತ್ತಾರು ನಂಬರ್, ಪಾಸು. ಆ ವರ್ಷ ಮುಗಿಯೋದ್ರೊಳಗೆ ಗುಮಾಸ್ತರಾದ್ರು. ನಾನೂ ಮಾಲೂರಿನ ಮಾತು ಎತ್ತಲಿಲ್ಲ. ಇಪ್ಪತ್ತನೇ ವಯಸ್ಸಿಗೆ, ಮೀಸೆ ಇಟ್ಕೊಂಡೇ, ಎಸ್ಸೆಸ್ಸೆಲ್ಸಿ ಪಾಸ್ ಮಾಡಿದೆ.

ಆ ವಠಾರ ಈಗಿಲ್ಲ. ನಲ್ಲಿ ಇದ್ದ ಜಾಗದಲ್ಲಿ ಸ್ಕೂಟರ್ ನಿಲ್ಸ್ತಾರೆ. ಗಂಗಣ್ಣ ಹೋದ್ರು, ದೊಡ್ಡಮ್ಮ ಹೋದ್ರು. ದೊಡ್ಡಪ್ಪ ಕೊನೇ ದಿನಗಳನ್ನ ಹನುಮಂತನಗರದಲ್ಲಿ ನಮ್ಮನೇಲೇ ಕಳೆದ್ರು. ಎದ್ದು ಓಡಾಡೋಕೆ ಆಗ್ತಿರ್ಲಿಲ್ಲ. ನಾನು ಆ ಹಿತ್ತಾಳೆ ಬೆಲ್ ಹುಡುಕಿ, ತಿಕ್ಕಿ, ಮಂಚದ ಪಕ್ಕದ ಸ್ಟೂಲ್ ಮೇಲೆ ಇಟ್ಟು, ‘ಏನ್ ಬೇಕಾದ್ರೂ ಇದನ್ನ ಒತ್ತಿ ದೊಡ್ಡಪ್ಪ, ಬರ್ತೀನಿ’ ಅಂದೆ. ಹೂಂ ಅಂದ್ರು. ಮೂರು ವಾರ ಆದ್ರೂ ಒಂದು ಸಲಾನೂ ಟಿಣ್ ಅನ್ನಲಿಲ್ಲ. ಒಂದು ಮಧ್ಯಾಹ್ನ ನಾನಾಗೇ ಹೋಗಿ ನೋಡಿದ್ರೆ ತುಟಿ ಒಣಗಿತ್ತು, ಚೊಂಬಿನ ನೀರು ಖಾಲಿಯಾಗಿತ್ತು. ಬೆಲ್ ಕೈಗೆ ಸಿಗೋ ಹಂಗೇ ಇತ್ತು. ‘ಯಾಕೆ ದೊಡ್ಡಪ್ಪ, ಹೊಡೀಬಾರ್ದಾ?’ ಅಂದೆ. ನನ್ನ ಕಡೆ ನೋಡಿ ಸ್ವಲ್ಪ ನಕ್ಕು, ‘ಹೊಡೆದ್ರೆ ಯಾರಾದ್ರೂ ಏಳ್ಬೇಕಲ್ಲೋ’ ಅಂದ್ರು.

ನಾನು ಚೊಂಬು ತಗೊಂಡು ಒಳಗೆ ಹೋದೆ. ತೊಳೆದು, ನೀರು ತುಂಬ್ಕೊಂಡು ಬಂದೆ.

ನಿಮ್ಮ ಮನೇಲೂ ಹಿಂಗೆ ತಡವಾಗಿ ಪುಸ್ತಕ ಹಿಡಿದೋರು, ಮೈಗೆ ಹತ್ತಿದ ಅಭ್ಯಾಸ ಬಿಡ್ಸ್ಕೊಂಡು ಒಂದು ಮೆಟ್ಲು ಹತ್ತಿದೋರು ಇದ್ದೇ ಇರ್ತಾರೆ. ಅವರ ಬಗ್ಗೆ ನಾಲ್ಕು ಸಾಲು ಬರೀರಿ. ನಾನು ಓದೋದು ನಿಧಾನ, ಆದ್ರೆ ಪೂರ್ತಿ ಓದ್ತೀನಿ.