“ಮುಂಗುಸಿ ಒಯ್ತರಿ, ಕಾಕು”

ಅವಳ ಬಲಗೈಯ ಮೂರು ಬೆರಳಿಗೆ ಉಗುರೇ ಇಲ್ಲವೇನೋ ಅನ್ನಿಸುತ್ತಿತ್ತು. ಅಷ್ಟು ಒತ್ತಿ ಕತ್ತರಿಸಿಕೊಳ್ಳುತ್ತಿದ್ದಳು, ಕೋಳಿಯ ಕೊರಳಿಗೆ ಚುಚ್ಚಬಾರದೆಂದು. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ತತ್ತಿಯ ಸಿಪ್ಪೆ ತುಳಿದರೂ ಕಾಲು ತೊಳೆಯುತ್ತಿದ್ದ ಹೆಂಗಸು. ಅಕ್ಕೋಳದಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವಳದು. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಊರೆಲ್ಲ ಅವಳನ್ನು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿತ್ತು. ಆದರೆ ಕೋಳಿಗೆ ಹೊಟ್ಟೆ ಕೆಟ್ಟಾಗಷ್ಟೇ ನಾವು ಅವಳ ಮನೆಗೆ ಹೋಗುತ್ತಿದ್ದೆವು, ಅದನ್ನೂ ಹೇಳಿಬಿಡುತ್ತೇನೆ.

ಕೋಳಿ ತಿಂದ ಕಾಳು ಮೊದಲು ಕೊರಳ ಬುಡದ ಚೀಲದಲ್ಲಿ ಕೂಡುತ್ತದೆ. ಬೆಳಗಾಗುವಷ್ಟರಲ್ಲಿ ಅದು ಬರಿದಾಗಿರಬೇಕು. ಅದಕ್ಕೇ ಕಾಕು ಕಾಳು ಹಾಕುವ ಮುಂಚೆ, ನಸುಕಿನಲ್ಲೇ, ಮುಟ್ಟಿ ನೋಡುತ್ತಿದ್ದಳು. ಗಟ್ಟಿ ಹತ್ತಿದರೆ ಹುಲ್ಲೋ ದಾರವೋ ಸಿಕ್ಕಿಕೊಂಡಿದೆ; ಮೆತ್ತಗಾಗಿ ಬಾಯಿ ಹುಳಿ ನಾತ ಹೊಡೆದರೆ ಒಳಗಿನದು ಕೊಳೆತಿದೆ. “ಹೊಟ್ಟಿ ಸುಳ್ಳ ಹೇಳಂಗಿಲ್ಲ ಬೇ, ಬಾಯಿ ಹೇಳತೈತಿ,” ಅನ್ನುತ್ತಿದ್ದಳು.

ಒಂದು ವರ್ಷ ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಕರಿ ಹೇಂಟೆ ರವದಿಯ, ಅಂದರೆ ಕಬ್ಬಿನ ಒಣ ಗರಿಯ, ಎಳೆಗಳನ್ನು ನುಂಗಿ ಮೂಲೆ ಹಿಡಿಯಿತು. ನಮ್ಮ ಯಜಮಾನರು ಮೊಬೈಲಿನಲ್ಲಿ ಏನೋ ನೋಡಿ ಅದನ್ನು ತಲೆಕೆಳಗೆ ಹಿಡಿದು ನಿಂತಿದ್ದರು. ಕಾಕು ಗೋಡೆಯಾಚೆಯಿಂದಲೇ ಚೀರಿದಳು.

“ಏ, ಇಳಸೋ ತಮ್ಮಾ! ಒಳಗಿನ ನೀರ ಉಸರಿನ್ಯಾಗ ಹೊಕ್ಕರ ನಿಂತಲ್ಲೇ ಸಾಯತೈತಿ. ನಿನ್ನ ಹಂಗ ಹಿಡೀಲೇನ?”

ಓಡಿ ಬಂದು ಕಸಿದುಕೊಂಡು ತನ್ನ ಮನೆಗೇ ಒಯ್ದಳು. ಕಾಳು ಬಂದ್. ನಾಲ್ಕು ಹನಿ ಎಣ್ಣೆ, ಗುಟುಕು ಗುಟುಕು ನೀರು, ಆಮೇಲೆ ಆ ಬೆರಳುಗಳಿಂದ ಚೀಲವನ್ನು ಮೆಲ್ಲಗೆ ನೀವುವುದು. ನಾಲ್ಕು ದಿನ ಹೀಗೇ. ಆ ಮನೆಯಲ್ಲಿ ಮಾತು ಕೇಳಿಸಿದ್ದು ಆ ನಾಲ್ಕು ದಿನವೇ. “ನೀರ ಕುಡದೀ? ಕಣ್ಣ ತಗಿ, ಈ ಕಡೆ ನೋಡು. ನೀ ಉಂಡಿಲ್ಲಂತ ನಾನೂ ಉಂಡಿಲ್ಲ ನೋಡ.” ನಾವು ಈಚೆ ಕೂತು, ಕಾಕುಗೆ ಗೆಳತಿ ಸಿಕ್ಕಳೆಂದು ನಕ್ಕೆವು. ನಗುವಂಥದ್ದೇನಿತ್ತೋ!

ಐದನೆಯ ನಸುಕಿಗೆ ಚೀಲ ಬರಿದಾಗಿತ್ತು. ಹೇಂಟೆಯನ್ನು ನನ್ನ ಮಡಿಲಿಗಿಟ್ಟು ಕಾಕು ಹೇಳಿದಳು: “ಒಂದ ಮಾತ ಕೊಡ ತಂಗಿ. ಇದನ್ನ ಕೊಯ್ಯಬ್ಯಾಡ್ರಿ. ಉಳದವು ನಿಮ್ಮವು, ಇದೊಂದು ನಂದು ಅನ್ಕೋ.”

“ಆತ್ರಿ ಕಾಕು,” ಅಂದೆ.

ತಿಂಗಳೊಪ್ಪತ್ತೂ ಆಗಿರಲಿಲ್ಲ, ಇಚಲಕರಂಜಿಯಿಂದ ನಾದಿನಿಯ ಗಂಡ ಹೇಳದೆ ಕೇಳದೆ ಬಂದರು. ಬೀಗರಿಗೆ ಬೇಳೆ ಸಾರು ಬಡಿಸುವುದುಂಟೇ? ಉಳಿದ ಕೋಳಿಗಳೆಲ್ಲ ಕೈಗೆ ಸಿಗದೆ ಹಿತ್ತಲು ಸುತ್ತಿದವು. ಮುಟ್ಟಿಸಿಕೊಂಡು ರೂಢಿಯಾದ ಆ ಕರಿ ಹೇಂಟೆ ಮಾತ್ರ ಓಡಲೇ ಇಲ್ಲ.

ಮರುದಿನ ಕಾಕು ಗೋಡೆಯ ಮೇಲಿಂದ ಇಣುಕಿದಳು. “ನಮ್ಮಾಕಿ ಕಾಣವಲ್ಲಳಲ್ಲ?”

ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ, “ಮುಂಗುಸಿ ಒಯ್ತರಿ, ಕಾಕು,” ಅಂದೆ. ಮಸಾಲೆಯ ವಾಸನೆ ಇನ್ನೂ ಹಿತ್ತಲು ಬಿಟ್ಟಿರಲಿಲ್ಲ.

“ಹೌದಾ? ಪಾಪ, ಅದಕ್ಕೂ ಹೊಟ್ಟಿ ಐತೆಲ್ಲಾ,” ಎಂದು ಒಳಗೆ ಹೋದಳು.

ಆಮೇಲೂ ಕರೆದರೆ ಬರುತ್ತಿದ್ದಳು. ನಮ್ಮ ಕಟ್ಟೆಯ ಮೇಲೇ ಕೂತು ನೀವಿ, ಕೈ ತೊಳೆದು ಎದ್ದು ಹೋಗುವಳು. ಯಾವ ಕೋಳಿಯನ್ನೂ ಮನೆಗೆ ಒಯ್ಯಲಿಲ್ಲ. ಮರಿಯೊಂದನ್ನು ಸಾಕಲು ಕೊಡುತ್ತೇನೆಂದರೆ, “ಬ್ಯಾಡ ಬೇ, ರೂಢಿ ತಪ್ಪೈತಿ,” ಅಂದಳು. ಎರಡು ವರ್ಷ ಆ ಮನೆಯಿಂದ ಪಾತ್ರೆಯ ಸಪ್ಪಳ ಬಿಟ್ಟರೆ ಮತ್ತೇನೂ ಕೇಳಲಿಲ್ಲ. ಅದು ನನ್ನ ಕೈಯಿಂದಾದದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಈ ವರ್ಷ ಅವಳು ಹಾಸಿಗೆ ಹಿಡಿದಾಗ ಗಂಜಿ ಒಯ್ದು ಪಕ್ಕದಲ್ಲಿ ಕೂತೆ. ಇವತ್ತು ಹೇಳಿಯೇಬಿಡಬೇಕೆಂದು, “ಕಾಕು, ಆವತ್ತ ಆ ಮುಂಗುಸಿ…” ಎಂದು ಶುರುಮಾಡಿದೆ.

“ಬಿಡ ತಂಗಿ. ನೀ ಮುಂಗುಸಿ ಅಂದಿ, ನಾ ಹೂಂ ಅಂದೆ. ಆವತ್ತ ಅತ್ತು ಮುಗಿಸೀನಿ. ಈಗ ಮತ್ತ ಯಾಕ ಅಳಸ್ತಿ?”

ಮೂರನೆಯ ದಿನಕ್ಕೆ ಹೋದಳು.

ಅವಳು ಮಾಡುವುದನ್ನು ನೋಡಿ ನೋಡಿ ನನಗೂ ಅಷ್ಟಿಷ್ಟು ಬಂದಿದೆ. ಊರವರು ಈಗ ಕೋಳಿಗಳನ್ನು ನನ್ನ ಹತ್ತಿರ ತರುತ್ತಾರೆ. ಉಗುರು ಕತ್ತರಿಸಿಕೊಂಡು ಕೂರುತ್ತೇನೆ, ವಾಸಿ ಮಾಡಿ ಕಳಿಸುತ್ತೇನೆ. ಕೊಯ್ಯಬೇಡಿ ಎಂದು ಮಾತ್ರ ಯಾರನ್ನೂ ಕೇಳುವುದಿಲ್ಲ. ಕೇಳಲು ನನಗೆ ಮುಖವಿಲ್ಲ.