ಮೂವತ್ತೊಂದನೇ ಮೊಟ್ಟೆ

ನಿನ್ನೆ ಪಾಠಕ್ಕೆಂದು ಅಪ್ಪನ ಅಂಗಡಿಯಿಂದ ಮೊಟ್ಟೆಯ ಖಾಲಿ ಟ್ರೇ ತಂದೆ. ಅದರ ಹಸಿ ರಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕಲಿಸಿದ ಕಂಪ್ಯೂಟರ್ ಸರ್ ನೆನಪಾದರು. ಸಿಟ್ಟೂ ಬಂತು.

ಗೋಪನಕೊಪ್ಪದ ಅವರ ಕ್ಲಾಸಿಗೆ ನಾನು ಎರಡು ವಾರ ತಡವಾಗಿ ಸೇರಿದ್ದೆ. ಅಲ್ಲಿದ್ದದ್ದು ಮೂವತ್ತೇ ಕುರ್ಚಿ, ಮೂವತ್ತು ಮಂದಿ ಆಗಲೇ ಕೂತಿದ್ದರು. ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ಮೊಟ್ಟೆ ಅಂಗಡಿ ಎಂದು ತಿಳಿದ ಸರ್, ಪ್ರೋಗ್ರಾಮಿಂಗಿನ ‘ಅರೇ’ ಎಂಬ ಪಾಠಕ್ಕೆ ನನ್ನಿಂದಲೇ ಮೂವತ್ತು ಗುಳಿಯ ಒಂದು ಟ್ರೇ, ಮೂವತ್ತೊಂದು ಮೊಟ್ಟೆ ತರಿಸಿದರು. ಪಾಠ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಅರೇ ಎಂದರೆ ಕಂಪ್ಯೂಟರಿನ ನೆನಪಿನಲ್ಲಿ ಸಾಲಾಗಿ ಮಾಡಿಟ್ಟ ಗುಳಿಗಳು, ಒಮ್ಮೆ ಮಾಡಿದ ಮೇಲೆ ಹಿಗ್ಗುವುದಿಲ್ಲ. ಟ್ರೇ ಇದ್ದ ಮಾತ್ರಕ್ಕೆ ಮೊಟ್ಟೆ ಇರುವುದಿಲ್ಲ, ಗುಳಿಗೊಂದರಂತೆ ತಂದು ಇಡಬೇಕು... ಹೀಗೆ ಹೇಳುತ್ತ ಇಟ್ಟರು. ಉಳಿದ ಒಂದನ್ನು ನನ್ನ ಮುಖದೆದುರು ಹಿಡಿದರು.

“ಇದು ಈಕಿ. ಜಾಗಾ ಇಲ್ಲ,” ಎಂದು ಮೊಟ್ಟೆಯನ್ನು ನೆಲಕ್ಕೆ ಬಿಟ್ಟರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನೆಲ ಒರೆಸಿದವಳು ನಾನೇ. ಇದೇ ಕೋಣೆಯಲ್ಲಿ, ಇದೇ ಮಂದಿಯ ಮುಂದೆ ಇವರ ಮಾನ ಕಳೆದೇ ತೀರುತ್ತೇನೆ ಎಂದು ಒರೆಸುತ್ತಲೇ ಅಂದುಕೊಂಡೆ. ಅಂದಿನಿಂದ ಕಿಟಕಿಯ ಬಳಿ ನಿಂತೇ ಕಲಿತೆ, ಒಂದು ದಿನವೂ ತಪ್ಪಿಸಲಿಲ್ಲ.

ಹೊರಗಿನ ಪರೀಕ್ಷಕರು ಬಂದ ದಿನ, ಮೂವತ್ತು ಮಂದಿಯ ಹೆಸರು ತೋರಿಸುವ ಪ್ರೋಗ್ರಾಂ ಒಂದನ್ನು ಸರ್ ಬೋರ್ಡಿನ ಮೇಲೆ ಬರೆದರು. ಅರೇಯ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಇಪ್ಪತ್ತೊಂಬತ್ತಕ್ಕೆ ನಿಲ್ಲಬೇಕು. ಅವರು ಮೂವತ್ತರವರೆಗೆ ಎಂದು ಬರೆದಿದ್ದರು. ಇಲ್ಲದ ಮೂವತ್ತೊಂದನೇ ಗುಳಿಗೆ ಕೈ ಹಾಕಿದ್ದರು! ನನಗೆ ಕಂಡಿತು. ತುಟಿ ಬಿಚ್ಚಲಿಲ್ಲ.

ಅದನ್ನೇ ಕಂಪ್ಯೂಟರಿನಲ್ಲಿ ಓಡಿಸಿದಾಗ ಮೂವತ್ತು ಹೆಸರು ಬಂದವು, ಆಮೇಲೆ ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ. ಪರೀಕ್ಷಕರು ನಕ್ಕುಬಿಟ್ಟರು. ಬೆವೆತುಹೋದ ಸರ್‌ಗೆ ನನ್ನ ಮುಖದ ನಗು ಕಂಡಿತು.

“ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?”

“ನನಗ ಇಲ್ಲಿ ಜಾಗಾನ ಇಲ್ಲಲ್ರಿ, ಸರ್.”

ಮರುವಾರ ಅವರು ಕ್ಲಾಸಿಗೆ ಬರಲಿಲ್ಲ. ಮತ್ತೆಂದೂ... ಆದರೂ ನನ್ನ ಸಿಟ್ಟಿಗೆ ಅಷ್ಟು ಸಾಕಾಗಿರಲಿಲ್ಲ.

ಈಗ ಅದೇ ಪಾಠವನ್ನು ನಾನು ಮಾಡುತ್ತೇನೆ. ನಿನ್ನೆ ಅರೇ ಮುಗಿಸಿ, ಕಂಪ್ಯೂಟರ್ ತನ್ನ ಕಸ ತೆಗೆಯುವ ಬಗೆಯನ್ನೂ ಹೇಳಿದೆ. ಪ್ರೋಗ್ರಾಮಿನಲ್ಲಿ ಯಾವ ಹೆಸರೂ ಹಿಡಿದುಕೊಂಡಿರದ ವಸ್ತುವನ್ನು ಅದೇ ಗುಡಿಸಿ ಹಾಕುತ್ತದೆ. ಒಬ್ಬ ಹುಡುಗಿ ಎದ್ದು ಕೇಳಿದಳು, “ಈ ಟ್ರೇ ಪಾಠ ನಿಮಗ ಯಾರು ಕಲಿಸ್ಯಾರ್ರಿ, ಮೇಡಂ?”

“ಯಾರೂ ಇಲ್ಲ,” ಎಂದೆ.

ಪ್ರತಿ ವರ್ಷ ಹಾಗೇ ಹೇಳುತ್ತೇನೆ. ಅವರ ಹೆಸರನ್ನು ಇಲ್ಲೂ ಬರೆದಿಲ್ಲ, ಬೇಕೆಂದೇ. ಆದರೆ ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಿತ್ತು. ನಿನ್ನೆ ಆ ಮಾತು ಹೇಳಿದಾಗ ಮೊದಲಿನ ಖುಷಿ ಆಗಲಿಲ್ಲ. ಕ್ಲಾಸು ಬಿಟ್ಟ ಮೇಲೆ ಟ್ರೇಯನ್ನು ಕಸದ ಬುಟ್ಟಿಯವರೆಗೆ ಒಯ್ದೆ, ಹಾಕಲಾಗದೆ ಮನೆಗೆ ತಂದೆ.